ಯೆಹೂದ್ಯರ ಪರ್ವಗಳು: ಅರ್ಥಾನ್ವೇಷಣೆಯ ಹಾದಿ

ಮಹಾಶಿವರಾತ್ರಿಯ ಕಾಲದಲ್ಲಿ ನಂದಿಯ ಭೋಗನಂದೀಶ್ವರನ ತೇರಿಗೆಂದು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಕಡೆಯಿಂದ ನೆರೆಯುವ ರೈತಜನರು ದೇವದರ್ಶನದೊಡನೆ ದನಗಳ ಜಾತ್ರೆಯ ವ್ಯವಹಾರವನ್ನೂ ಮುಗಿಸಿಕೊಂಡೇ ಊರಿಗೆ ಹಿಂದಿರುಗುವುದು ವಾಡಿಕೆ. ದೇವಾಲಯ, ಭೂಮಿ, ಸಂತೆ ಈ ಮೂರೂ ಕೂಡಿದ ಕಡೆಯಲ್ಲಿಯೇ ಪರ್ವವು ನೆಲೆಗೊಳ್ಳುವುದೆಂದು ಭಾವಿಸಿರುವ ನಮ್ಮ ಸೀಮೆಯವನಿಗೆ, ಮೊದಲು ದೇವಾಲಯವನ್ನೂ ಬಳಿಕ ಭೂಮಿಯನ್ನೂ ಕಳೆದುಕೊಂಡ ಜನಾಂಗವೊಂದು ತನ್ನ ಪರ್ವಗಳನ್ನು ಮಾತ್ರ ಎರಡು ಸಹಸ್ರ ವರ್ಷಗಳ ಕಾಲ ಕೈಬಿಡಲಿಲ್ಲವೆಂಬುದು ಸಣ್ಣ ವಿಸ್ಮಯವೇನಲ್ಲ. ಆ ಪರ್ವಗಳ ಅರ್ಥವನ್ನು ಕುರಿತ ವಿಚಾರ ಯುಗಯುಗಕ್ಕೂ ಮೈಬದಲಿಸಿಕೊಂಡು ಬಂದಿದೆ. ಆಚಾರವು ಬಹುಮಟ್ಟಿಗೆ ನಿಂತಲ್ಲಿ ನಿಂತಿದ್ದರೂ ಅದಕ್ಕೆ ಹೇಳಿದ ಕಾರಣ ನಿಂತಿಲ್ಲ.

ಆದಿಯಲ್ಲಿ ಅವು ಬೇಸಾಯದ ಹಬ್ಬಗಳು. ವಸಂತದ ಪಸ್ಕಹಬ್ಬದ ಕಾಲಕ್ಕೆ ಜವೆಗೋಧಿ, ಏಳು ವಾರಗಳು ಕಳೆದ ಮೇಲೆ ಗೋಧಿ, ಶರತ್ಕಾಲದಲ್ಲಿ ದ್ರಾಕ್ಷಿ ಮೊದಲಾದ ಫಲಗಳ ಸಂಗ್ರಹ: ಈ ಮೂರು ಸಂದರ್ಭಗಳಲ್ಲಿಯೂ ಜನರು ಯೆರೂಸಲೇಮಿಗೆ ಯಾತ್ರೆ ಹೋಗುತ್ತಿದ್ದರು. ವಿಮೋಚನಕಾಂಡವು ಶರತ್ಕಾಲದ ಹಬ್ಬವನ್ನು ಫಲಸಂಗ್ರಹದ ಹಬ್ಬವೆಂದಷ್ಟೇ ಕರೆಯುತ್ತದೆ. ಯಾಜಕಕಾಂಡವಾದರೋ ಪರ್ಣಶಾಲೆಯಲ್ಲಿ ಏಳು ದಿನ ವಾಸಿಸತಕ್ಕದ್ದೆಂದು ವಿಧಿಸಿ, ಐಗುಪ್ತದಿಂದ ಹೊರಟ ಪೂರ್ವಿಕರು ಮಾರ್ಗದಲ್ಲಿ ಹಾಗೆ ವಾಸಿಸಿದುದನ್ನು ಕಾರಣವಾಗಿ ಹೇಳುತ್ತದೆ. ಹೊಲದ ಗುಡಿಸಲು ಹೀಗೆ ಇತಿಹಾಸದ ಸ್ಮಾರಕವಾಯಿತು. ಸೀನಾಯಿ ಪರ್ವತದಲ್ಲಿ ಧರ್ಮಶಾಸ್ತ್ರವು ಪ್ರಾಪ್ತವಾದ ದಿನವೆಂಬ ಗೌರವ ವಾರಗಳ ಹಬ್ಬಕ್ಕೆ ದೊರೆತದ್ದು ಇನ್ನೂ ಈಚೆಗೆ, ರಬ್ಬಿಗಳ ಕಾಲದಲ್ಲಿ.

ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದಾಗ, ಬಲಿಪೀಠವೇ ಇಲ್ಲದಮೇಲೆ ಹಬ್ಬವೆಲ್ಲಿಯದು ಎಂಬ ಪ್ರಶ್ನೆ ಎದ್ದಿತು. ಯವ್ನೆಯ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯಿ ಇದಕ್ಕೆ ಕೊಟ್ಟ ಉತ್ತರ ಸರಳವೂ ಧೀರವೂ ಆದುದು: ಪರ್ಣಶಾಲೆಯ ಹಬ್ಬದಲ್ಲಿ ಖರ್ಜೂರದ ಸುಳಿಯನ್ನು ಏಳು ದಿನವೂ ಹಿಡಿಯುವ ಆಚಾರ ಅಲ್ಲಿಯವರೆಗೆ ದೇವಾಲಯಕ್ಕೆ ಮೀಸಲಾಗಿದ್ದಿತು, ದೇವಾಲಯದ ನೆನಪಿಗಾಗಿ ಇನ್ನು ಎಲ್ಲ ಊರುಗಳಲ್ಲಿಯೂ ಅದು ನಡೆಯತಕ್ಕದ್ದೆಂದು ಆತನು ವಿಧಿಸಿದನು. ಸುಮಾರು 200ರ ವೇಳೆಗೆ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿ ಪಸ್ಕದ ರಾತ್ರಿಯ ಭೋಜನವೇ ಕರ್ಮಕಾಂಡದ ಸ್ಥಾನವನ್ನು ಪಡೆದಿದೆ: ನಾಲ್ಕು ಪಾತ್ರೆ ದ್ರಾಕ್ಷಾರಸ, ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು, ಇವೆಲ್ಲಕ್ಕಿಂತ ಮಿಗಿಲಾಗಿ, ಈ ರಾತ್ರಿಯ ವಿಶೇಷವೇನೆಂದು ಮಗನು ತಂದೆಯನ್ನು ಕೇಳುವ ವಿಧಿ. ಯಾಜಕನ ಕಾರ್ಯ ಗೃಹಸ್ಥನ ಪಾಲಿಗೆ ಬಂದಿತು. ಈ ಸಮಗ್ರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣದು.

ಮಧ್ಯಯುಗದ ವ್ಯಾಖ್ಯಾನಗಳಲ್ಲಿ ರಸವತ್ತಾದುದು ಪರ್ಣಶಾಲೆಯ ಹಬ್ಬದ ನಾಲ್ಕು ಸಸ್ಯಗಳನ್ನು ಕುರಿತದ್ದು. ಮಾದಲಹಣ್ಣು ಹೃದಯ, ಖರ್ಜೂರದ ಸುಳಿ ಬೆನ್ನೆಲುಬು, ಮರ್ಟಲ್ ಎಂಬ ಸುಗಂಧಪರ್ಣವು ಕಣ್ಣು, ನೀರವಂಜಿ ತುಟಿ ಎಂದು ಹಳೆಯ ಉಪದೇಶಕರು ರೂಪಕ ಕಟ್ಟಿದ್ದರು. ಹನ್ನೆರಡನೆಯ ಶತಮಾನದ ಮೈಮೋನಿದೆಸ್, ಸಂದಿಗ್ಧಚಿತ್ತರಿಗಾಗಿ ರಚಿಸಿದ ಮಾರ್ಗದರ್ಶಿಯಲ್ಲಿ, ಇಂತಹವು ಕಾವ್ಯಚಮತ್ಕಾರಗಳೇ ಹೊರತು ಶಾಸ್ತ್ರದ ನಿಜಾರ್ಥವಲ್ಲವೆಂದು ಬದಿಗಿರಿಸಿ, ಮರುಭೂಮಿಯನ್ನು ದಾಟಿ ಫಲವತ್ತಾದ ನೆಲವನ್ನು ಸೇರಿದವರ ಹರ್ಷವನ್ನು ಆ ಸಸ್ಯಗಳು ಸೂಚಿಸುತ್ತವೆಂದನು. ತರ್ಕ ಆತನದೇ ಗಟ್ಟಿ. ಆದರೆ ಜನಮನದಲ್ಲಿ ಬಾಳಿದ್ದು ರೂಪಕವೇ.

ಇದೇ ಮೈಮೋನಿದೆಸನ ತಮ್ಮ ದಾವೀದನು ವ್ಯಾಪಾರಾರ್ಥವಾಗಿ ಪ್ರಯಾಣಮಾಡುತ್ತ ಹಿಂದೂ ಮಹಾಸಾಗರದಲ್ಲಿ ಮುಳುಗಿ ಮಡಿದನು. ಆ ಕಡಲಿನ ಈಚೆಯ ದಡದಲ್ಲಿ, ನಮ್ಮ ಮಂಗಳೂರಿನಲ್ಲಿಯೇ, ತುನೀಸಿಯದ ಮಹ್ದಿಯದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಸುಮಾರು 1132ರಿಂದ 1149ರವರೆಗೆ ನೆಲಸಿ, ಕಂಚಿನ ಕಾರ್ಖಾನೆಯನ್ನು ನಡೆಸುತ್ತ, ಏಡನ್ನಿನ ಮಿತ್ರರು ಕಳುಹಿಸಿದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಸ್ವೀಕರಿಸುತ್ತಿದ್ದನು. ಆಶು ಎಂಬ ದಾಸಿಯನ್ನು ಆತನು ಬಿಡುಗಡೆಗೊಳಿಸಿದ ಪತ್ರ 1132ರಲ್ಲಿ ಮಂಗಳೂರಿನಲ್ಲಿಯೇ ಬರೆಯಲ್ಪಟ್ಟಿತು. ಕೈರೋವಿನ ಸಭಾಮಂದಿರದಲ್ಲಿ ಗೆನಿಜಾ ಎಂಬ ಹಳೆಯ ಕಾಗದಪತ್ರಗಳ ಕೋಣೆಯಲ್ಲಿ ಉಳಿದುಬಂದ ಇಂತಹ ಪತ್ರಗಳನ್ನು ಎಸ್. ಡಿ. ಗೊಯ್ತೈನ್ ಓದಿ ಅರ್ಥೈಸಿದರು. ಬೆನ್ ಯಿಜುವಿನ ಸೇವಕ ಬೊಮ್ಮನ ಬೆನ್ನುಹತ್ತಿದ ಅಮಿತಾವ್ ಘೋಷರ ಕೃತಿ 1992ರಲ್ಲಿ ಪ್ರಕಟವಾಯಿತು. ಸ್ವಜನರಿಂದ ಇಷ್ಟು ದೂರವಿದ್ದವನಿಗೂ ಪರ್ವದಿನ ತಪ್ಪದಂತೆ ಮಾಡಿದ್ದು ಗಣಿತ. ಚಂದ್ರದರ್ಶನದ ಸಾಕ್ಷಿಗಾಗಿ ಯೆರೂಸಲೇಮಿನತ್ತ ನೋಡುವ ಪದ್ಧತಿ ಅಷ್ಟರಲ್ಲಿ ಹೋಗಿ, ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸುವ ಸಿದ್ಧ ಪಂಚಾಂಗ ನೆಲೆಗೊಂಡಿದ್ದಿತು; ನಮ್ಮ ಜೋಯಿಸರ ಲೆಕ್ಕವೂ ಹೆಚ್ಚು ಕಡಿಮೆ ಅದೇ.

ಕೊಂಕಣದ ಯೆಹೂದ್ಯರಾದ ಬೆನೆ ಇಸ್ರೇಲರ ಪರ್ವಗಳು ಮರಾಠಿ ಹೆಸರುಗಳಲ್ಲಿಯೇ ಬದುಕಿದ್ದವು. ಎಸ್ತೇರಳ ಕಥೆಗೆ ಸಂಬಂಧಿಸಿದ ಪೂರೀಂ ಹಬ್ಬವು ಫಾಲ್ಗುಣದ ಹುಣ್ಣಿಮೆಯ ಆಸುಪಾಸಿಗೆ ಬೀಳುವುದರಿಂದ ‘ಹೋಳೀಚಾ ಸಣ’ ಎನಿಸಿತು. ಹೊಸವರ್ಷವು ‘ನವ್ಯಾಚಾ ಸಣ’. ಇವುಗಳನ್ನು ದಾಖಲಿಸಿದ ಹಾಯಿಂ ಸಾಮುಯೇಲ್ ಕೆಹಿಮ್‌ಕರ್ ಅವರ ಇತಿಹಾಸಗ್ರಂಥ 1937ರಲ್ಲಿ ಅಚ್ಚಾಯಿತು. ಪಂಡಿತರು ಇದನ್ನು ಮರೆವಿನ ಲಕ್ಷಣವೆಂದರೂ, ಹೆಸರನ್ನು ನೆರೆಯವರಿಂದ ಪಡೆದು ದಿನವನ್ನು ತಮ್ಮದಾಗಿಯೇ ಕಾಪಾಡಿಕೊಂಡುದು ಮರೆವಲ್ಲ, ಜಾಣ್ಮೆಯೆಂದು ನನ್ನ ಎಣಿಕೆ.

ಯುರೋಪಿನಲ್ಲಿ ಈ ನಡುವೆ ವಿಚಾರ ಬೇರೆ ದಿಕ್ಕು ಹಿಡಿದಿದ್ದಿತು. 1878ರಲ್ಲಿ ಜರ್ಮನಿಯ ವೆಲ್‌ಹೌಸೆನ್, ಕೃಷಿಯೊಡನೆ ಬೆರೆತಿದ್ದ ಸಹಜೋತ್ಸವಗಳನ್ನು ಪುರೋಹಿತರು ಒಣ ವಿಧಿಗಳನ್ನಾಗಿ ಮಾರ್ಪಡಿಸಿದರೆಂದು ವಾದಿಸಿದನು. ಸ್ತರಗಳನ್ನು ಬಿಡಿಸಿ ತೋರಿಸಿದ ಉಪಕಾರ ಆತನದು, ಮೇಲಿನ ಸ್ತರವನ್ನೆಲ್ಲ ಹೀನವೆಂದ ಪೂರ್ವಗ್ರಹವೂ ಆತನದೇ. 1951ರಲ್ಲಿ ಅಬ್ರಹಾಂ ಹೆಶೆಲ್ ವಾರದ ವಿಶ್ರಾಂತಿದಿನವಾದ ಸಬ್ಬತ್ತನ್ನು ಕುರಿತ ಕಿರುಗ್ರಂಥದಲ್ಲಿ, ಯೆಹೂದ್ಯಧರ್ಮವು ಪಾವಿತ್ರ್ಯವನ್ನು ಸ್ಥಳಕ್ಕಿಂತ ಮಿಗಿಲಾಗಿ ಕಾಲದಲ್ಲಿ ಕಾಣುತ್ತದೆಂದು ಪ್ರತಿಪಾದಿಸಿದನು. ಯವ್ನೆಯ ರಬ್ಬಿ ಆಚರಿಸಿ ತೋರಿದುದಕ್ಕೆ ತತ್ತ್ವದ ಭಾಷೆ ಆಗ ದೊರೆಯಿತೆನ್ನಬಹುದು.

1993ರಲ್ಲಿ ನೇಥನ್ ಕಾಟ್ಜ್, ಎಲೆನ್ ಗೋಲ್ಡ್‌ಬರ್ಗ್ ದಂಪತಿಗಳು ಕೊಚ್ಚಿಯ ಯೆಹೂದ್ಯರ ಕುರಿತು ಬರೆದ ಗ್ರಂಥ ಮತ್ತೊಂದು ಬಾಗಿಲನ್ನು ತೆರೆಯಿತು. ಪಸ್ಕದ ಸಿದ್ಧತೆಯಲ್ಲಿ ಅಲ್ಲಿಯವರು ತೋರುತ್ತಿದ್ದ ಮಡಿಯ ಕಟ್ಟುನಿಟ್ಟು ಬ್ರಾಹ್ಮಣರ ಶೌಚಭಾವನೆಯನ್ನು ಹೋಲುತ್ತಿದ್ದಿತೆಂದು ಅವರು ವಿವೇಚಿಸಿದ್ದಾರೆ. ಆ ವಿವೇಚನೆ ಕೆಲವೆಡೆ ಎಳೆದು ಹೊಂದಿಸಿದಂತೆ ತೋರಿದರೂ, ಆಚಾರದ ಅರ್ಥವನ್ನು ಗ್ರಂಥದಲ್ಲಲ್ಲದೆ ನೆರೆಹೊರೆಯಲ್ಲಿ ಹುಡುಕುವ ಕ್ರಮ ಸ್ವಾಗತಾರ್ಹ. ಬೆನೆ ಇಸ್ರೇಲರ ಮಲಿದಾ ಇದಕ್ಕೆ ಒಳ್ಳೆಯ ನಿದರ್ಶನ: ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನತುರಿ ಬೆರೆಸಿ, ಹಣ್ಣುಗಳೊಡನೆ ಎಲೀಯ ಪ್ರವಾದಿಯ ಹೆಸರಿನಲ್ಲಿ ಹರಕೆ ತೀರಿಸುವ ಈ ವಿಧಿ ಮಿಷ್ನಾದಲ್ಲಿಲ್ಲ. 1948ರ ಅನಂತರ ಇಸ್ರೇಲಿಗೆ ಹೋಗಿ ನೆಲಸಿದವರೂ ಅದನ್ನು ಬಿಟ್ಟಿಲ್ಲ. ಲೋದ್ ಪಟ್ಟಣದಲ್ಲಿ ಅಂತಹವರ ನಡುವೆ ಕ್ಷೇತ್ರಕಾರ್ಯ ನಡೆಸಿದ ಶಾಲ್ವಾ ವೈಲ್ ಅವರ ಬರಹಗಳಿಂದ, ಕೊಂಕಣದ ಹಳ್ಳಿಗಳಲ್ಲಿ ರೂಪುಗೊಂಡ ಆಚಾರಗಳ ಅಧ್ಯಯನ ಯೆರೂಸಲೇಮಿನ ನೆರೆಯಲ್ಲಿಯೇ ಮುಂದುವರಿಯಿತು.