ಮೆಲ್ಬರ್ನ್ 1956: ರಹೀಂ ಆರಿಸಿದ ಹನ್ನೊಂದು ಮಂದಿ

1956ರ ಮೆಲ್ಬರ್ನ್ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದ ಕಥೆಗೆ ಒಂದು ಹೆಮ್ಮೆಯ ಮಾತು ಅಂಟಿಕೊಂಡೇ ಬಂದಿದೆ. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜಗತ್ತಿಗೆ ತೋರಿಸಿದ 4-2-4 ವ್ಯೂಹವನ್ನು ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅದಕ್ಕೆ ಮೊದಲೇ ಆಡಿಸಿದ್ದರು ಎಂಬುದು ಆ ಮಾತು. ಪಿ.ಕೆ. ಬ್ಯಾನರ್ಜಿಯವರಂಥ ಶಿಷ್ಯರೇ ಹೇಳಿದ್ದರಿಂದ ತಳ್ಳಿಹಾಕುವಂತಿಲ್ಲ. ಹಾಗೆಂದು ಹಾಗೇ ಒಪ್ಪುವಂತೆಯೂ ಇಲ್ಲ.

ತೊಡಕಿರುವುದು ಆಕರದಲ್ಲಿ. ಅಂದಿನ ಪತ್ರಿಕೆಗಳು ತಂಡದ ಪಟ್ಟಿಯನ್ನು ಹಳೆಯ 2-3-5 ಕ್ರಮದಲ್ಲೇ ಅಚ್ಚುಹಾಕುತ್ತಿದ್ದವು: ಗೋಲ್‌ಕೀಪರ್, ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್. ನಡುವಿನ ಹಾಫ್ ಹಿಂದೆ ಸರಿದು ಮೂರನೆಯ ಬ್ಯಾಕ್ ಆಗಿ ಎಷ್ಟೋ ವರ್ಷ ಕಳೆದಿದ್ದರೂ ಪಟ್ಟಿಯ ಸಾಲು ಕದಲಲಿಲ್ಲ. ಹೀಗಾಗಿ ಯಾರು ಆಡಿದರೆಂಬುದು ಅದರಿಂದ ತಿಳಿಯುತ್ತದೆ, ಎಲ್ಲಿ ನಿಂತು ಆಡಿದರೆಂಬುದು ತಿಳಿಯುವುದಿಲ್ಲ.

ಆಸ್ಟ್ರೇಲಿಯಾದ ನೆಲ ಭಾರತಕ್ಕೆ ಹೊಸದಾಗಿರಲಿಲ್ಲ. 1938ರ ಪ್ರವಾಸದಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ತಂಡ ಸಿಡ್ನಿಯಲ್ಲಿ 5-3 ಮತ್ತು 5-4, ಮೆಲ್ಬರ್ನ್‌ನಲ್ಲಿ 3-1 ಅಂತರದಿಂದ ಸೋತಿತ್ತು. ಗೋಲು ಹೊಡೆಯುವುದಕ್ಕಿಂತ ತಡೆಯುವುದೇ ಕಷ್ಟವಾಗಿತ್ತೆಂದು ಸಿಡ್ನಿಯ ಅಂಕಿಗಳೇ ಹೇಳುತ್ತವೆ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು ಬಂದ ಮೇಲೆ ಬೂಟು ಕಡ್ಡಾಯವಾಯಿತು.

ಮರುವರ್ಷ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಮಣಿಸಿತು. ಒಂಬತ್ತರ ಅಂಗಿ ತೊಟ್ಟ ಹಿಡೆಗ್‌ಕುಟಿ ಹಿಂದೆ ಸರಿದು ನಿಂತಾಗ, ಅವನ ಬೆನ್ನು ಹತ್ತಬೇಕೋ ಜಾಗ ಕಾಯಬೇಕೋ ಎಂದು ಇಂಗ್ಲೆಂಡಿನ ಸೆಂಟರ್ ಹಾಫ್‌ಗೆ ತೋಚಲಿಲ್ಲ. ಶಾಲಾ ಮೇಷ್ಟರಾಗಿದ್ದ, ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದ ರಹೀಂ ಈ ಪಾಠವನ್ನು ಅರಗಿಸಿಕೊಂಡವರು. ಆದ್ದರಿಂದ ನನ್ನ ದೃಷ್ಟಿಯಲ್ಲಿ ಅವರ ವ್ಯೂಹ ಬ್ರೆಜಿಲ್‌ನ ಮುನ್ಸೂಚನೆ ಎನ್ನುವುದಕ್ಕಿಂತ ಹಂಗೇರಿಯ ಕವಲು ಎನ್ನುವುದು ಸರಿ. ಬ್ರೆಜಿಲ್ಲೂ ಅದೇ ಬುಡದಿಂದ ಸಾಕಷ್ಟು ಹೀರಿಕೊಂಡಿತು.

ಮೆಲ್ಬರ್ನ್‌ನಲ್ಲಿ ಮೊದಲ ಸುತ್ತಿನ ಎದುರಾಳಿಯಾಗಬೇಕಿದ್ದದ್ದು ಆ ಹಂಗೇರಿಯೇ. ಅದು ಹಿಂದೆ ಸರಿದದ್ದರಿಂದ ರಹೀಂ ತಮ್ಮ ಹನ್ನೊಂದು ಮಂದಿಯನ್ನು ಪರೀಕ್ಷಿಸದೆಯೇ ಕ್ವಾರ್ಟರ್ ಫೈನಲ್‌ಗೆ ಇಳಿಸಬೇಕಾಯಿತು. ಆಟದ ನಡುವೆ ಬದಲಿ ಆಟಗಾರನಿಗೆ ಅವಕಾಶವಿರಲಿಲ್ಲ. ಊರಿನಲ್ಲಿ 70 ನಿಮಿಷದ ಪಂದ್ಯಕ್ಕೆ ಒಗ್ಗಿದ ಕಾಲುಗಳು ಇಲ್ಲಿ 90 ನಿಮಿಷ ಓಡಬೇಕಿತ್ತು. ಆಯ್ಕೆಯಲ್ಲಿ ಕೌಶಲದಷ್ಟೇ ದಮ್ಮಿಗೂ ಬೆಲೆ ಬಂದದ್ದು ಇದರಿಂದ. ಮೈಸೂರು ರಾಜ್ಯದಿಂದ ಬಂದ ಎಂ. ಕೆಂಪಯ್ಯ, ಹೈದರಾಬಾದಿನ ನೂರ್ ಮೊಹಮ್ಮದ್ ಅವರಂಥ ಹಾಫ್‌ಗಳ ಹೆಸರು ಗೋಲಿನ ಪಟ್ಟಿಯಲ್ಲಿ ಸಿಗುವುದಿಲ್ಲ. ಒಬ್ಬ ಫಾರ್ವರ್ಡ್ ಹಿಂದೆ ಸರಿದು ಆಡುವ ವ್ಯೂಹದಲ್ಲಿ ಹೆಚ್ಚು ಓಡಬೇಕಾದವರು ಮಾತ್ರ ಅವರೇ. ಕನ್ನಡದ ಕ್ರೀಡಾ ಬರಹ ಕೆಂಪಯ್ಯನವರಿಗೆ ಕೊಟ್ಟ ಜಾಗ ತೀರ ಸಣ್ಣದು.

ಡಿಸೆಂಬರ್ 1ರಂದು ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು, ಕಿಟ್ಟು ಎಂದೇ ಹೆಸರಾದ ಕೃಷ್ಣಸ್ವಾಮಿ ಒಂದು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲೂ ಡಿಸೋಜಾ ಅವರದೇ. ಆಮೇಲೆ ತಂಡ ಕುಸಿದು 4-1ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3-0ರಿಂದ ಗೆದ್ದಿತು. ಮುಂದೆ ನಿಂತವರು ಗೋಲು ತಂದರೂ ದ್ವಿತೀಯಾರ್ಧದ ದಣಿವಿಗೆ ವ್ಯೂಹದಲ್ಲಿ ಮದ್ದಿರಲಿಲ್ಲ ಎಂದೇ ನಾನು ಓದುತ್ತೇನೆ.

ಅದೇ ತಿಂಗಳು ಸಿಡ್ನಿಯ ಸ್ನೇಹಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಾವನ್ನು 7-1ರಿಂದ ಮಣಿಸಿತು. 4-2-4ರ ಪರ ವಾದಿಸುವವರಿಗೆ ಈ ಅಂಕಿ ಪ್ರಿಯ. ಸ್ನೇಹಪಂದ್ಯದ ಗೋಲುಗಳನ್ನು ವ್ಯೂಹದ ಖಾತೆಗೆ ಬರೆಯಲು ನನಗೆ ಹಿಂಜರಿಕೆ. ರಹೀಂ ಅವರನ್ನು ಅಳೆಯಲು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ಹೆಚ್ಚು ಗಟ್ಟಿಯಾದ ಆಧಾರ. ಅಲ್ಲಿ ಅವರು ತಲೆಗೆ ಪೆಟ್ಟಾಗಿದ್ದ ಸ್ಟಾಪರ್ ಜರ್ನೈಲ್ ಸಿಂಗ್‌ರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಫೈನಲ್‌ನಲ್ಲಿ ಒಂದು ಗೋಲು ಜರ್ನೈಲ್ ಅವರದಾಗಿತ್ತು.