ಸಮಚಿಹ್ನೆಯ ಎರಡು ಕೆಲಸ: ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು ತಪ್ಪಿನ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಂದ ಪದವಿಪೂರ್ವ ವಿಜ್ಞಾನಕ್ಕೋ ಬಿಸಿಎ ತರಗತಿಗೋ ಬರುವ ವಿದ್ಯಾರ್ಥಿಗಳು ಅದುವರೆಗೆ ಸಮಚಿಹ್ನೆಯನ್ನು (=) ಒಂದೇ ಅರ್ಥದಲ್ಲಿ ಕಂಡಿರುತ್ತಾರೆ: ಎಡಬದಿಯದೂ ಬಲಬದಿಯದೂ ಒಂದೇ ಬೆಲೆಯವು ಎಂಬುದೇ ಆ ಅರ್ಥ. ಸಿ ಭಾಷೆಯ ಮೊದಲ ಪಾಠದಲ್ಲಿ ಅದೇ ಚಿಹ್ನೆ ಆಜ್ಞೆಯಾಗಿ ಎದುರಾಗುತ್ತದೆ. ಬಲಬದಿಯ ಬೆಲೆಯನ್ನು ಎಡಬದಿಯ ಹೆಸರಿನ ನೆನಪಿನ ಜಾಗದಲ್ಲಿ ಇರಿಸು ಎಂದು ಅದು ಯಂತ್ರಕ್ಕೆ ಹೇಳುತ್ತದೆ. ಈ ಕ್ರಿಯೆಗೆ ಅಸೈನ್‌ಮೆಂಟ್ ಎಂದು ಹೆಸರು. ಎರಡು ಬೆಲೆಗಳು ಸಮವೇ ಎಂದು ಪರೀಕ್ಷಿಸುವ ಹೋಲಿಕೆಗೆ ಬೇರೆಯೇ ಚಿಹ್ನೆ (==) ಇದೆ. ಒಂದರ ಬದಲು ಇನ್ನೊಂದನ್ನು ಬರೆಯುವುದು ಕಲಿಯುವವರ ಅಜಾಗರೂಕತೆಯೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆಯಾದರೂ, ಭಾಷೆಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ತಪ್ಪಿಗೆ ದಾರಿಮಾಡಿಕೊಟ್ಟದ್ದು ಭಾಷಾ ವಿನ್ಯಾಸಕಾರರ ಕೆಲವು ನಿರ್ದಿಷ್ಟ ನಿರ್ಧಾರಗಳೆಂಬುದು ಸ್ಪಷ್ಟವಾಗುತ್ತದೆ.

ತಪ್ಪಿನ ಸ್ವರೂಪ

ಪರೀಕ್ಷಾ ಫಲಿತಾಂಶದ ಪ್ರೋಗ್ರಾಮೊಂದರಲ್ಲಿ ಗೈರುಹಾಜರಾದವರಿಗೆ 1, ಹಾಜರಿದ್ದವರಿಗೆ 0 ಎಂಬ ಬೆಲೆಯನ್ನು ‘ಗೈರು’ ಎಂಬ ಚರದಲ್ಲಿ, ಅಂದರೆ ಹೆಸರಿಟ್ಟ ನೆನಪಿನ ಜಾಗದಲ್ಲಿ, ದಾಖಲಿಸಲಾಗಿದೆ ಎಂದುಕೊಳ್ಳಬಹುದು. ‘ಇಫ್ (ಗೈರು == 1)’ ಎಂದು ಬರೆದರೆ ಗೈರಾದವರು ಮಾತ್ರ ಪ್ರತ್ಯೇಕಗೊಳ್ಳುತ್ತಾರೆ; ‘ಇಫ್ (ಗೈರು = 1)’ ಎಂದು ಬರೆದರೆ ಪ್ರತಿ ವಿದ್ಯಾರ್ಥಿಯ ದಾಖಲೆಗೂ 1 ಬಂದು ಕೂತು, ತರಗತಿಗೆ ತರಗತಿಯೇ ಗೈರಾಗುತ್ತದೆ, ಜೊತೆಗೆ ಮೊದಲಿದ್ದ ಮಾಹಿತಿಯೂ ಅಳಿಸಿಹೋಗುತ್ತದೆ. ಹಾಜರಿದ್ದವರನ್ನು ಆಯಲು ಹೋಗಿ ‘ಇಫ್ (ಗೈರು = 0)’ ಎಂದು ಬರೆದಲ್ಲಿ ಫಲ ತಿರುವುಮುರುವಾಗಿ, ಒಬ್ಬರೂ ಆಯ್ಕೆಯಾಗುವುದಿಲ್ಲ. ಎರಡು ಸಂದರ್ಭಗಳಲ್ಲೂ ಪ್ರೋಗ್ರಾಮು ನಿಲ್ಲದೆ ಓಡುತ್ತದೆ.

ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳಿಗೆ ಇರಿಸುವುದಕ್ಕೂ ಪರೀಕ್ಷಿಸುವುದಕ್ಕೂ ನಡುವಿನ ಈ ಭೇದ ಅಪರಿಚಿತವಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನಿನಲ್ಲಿ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಮಗ್ಗದಲ್ಲಿ ರಟ್ಟಿನ ಪಟ್ಟಿಗೆ ತೂತು ಹೊಡೆಯುವುದು ಒಂದು ಕೆಲಸ, ಆ ತೂತು ಇದೆಯೇ ಎಂದು ಮಗ್ಗದ ಸೂಜಿ ತಡಕುವುದು ಇನ್ನೊಂದು. ತಡಕುವ ಸೂಜಿಯೇ ಹೊಸ ತೂತು ಹೊಡೆಯುವ ಹಾಗಿದ್ದರೆ ಸೀರೆಯ ಅಂಚಿನ ವಿನ್ಯಾಸ ಮೊದಲ ಸುತ್ತಿನಲ್ಲೇ ಕೆಡುತ್ತಿತ್ತು.

ಪ್ರೋಗ್ರಾಮಿನಲ್ಲಿ ಇಂಥ ಕೆಡುಕು ಸದ್ದಿಲ್ಲದೆ ನಡೆಯಬೇಕಾದರೆ ಭಾಷೆ ಮೂರು ಅನುಮತಿಗಳನ್ನು ಒಟ್ಟಿಗೆ ಕೊಟ್ಟಿರಬೇಕು. ಅಸೈನ್‌ಮೆಂಟಿಗೆ ಸಮಚಿಹ್ನೆಯನ್ನೇ ಬಳಸುವುದು ಮೊದಲನೆಯದು. ಅಸೈನ್‌ಮೆಂಟ್ ಕ್ರಿಯೆಗೂ ಒಂದು ಬೆಲೆ ಇದ್ದು ಅದು ಬೇರೊಂದು ವಾಕ್ಯದ ಒಳಗೆ ಕೂರಬಹುದೆನ್ನುವುದು ಎರಡನೆಯದು. ಸೊನ್ನೆಯಲ್ಲದ ಯಾವ ಸಂಖ್ಯೆಯನ್ನಾದರೂ ‘ನಿಜ’ ಎಂದು ಎಣಿಸುವುದು ಮೂರನೆಯದು. ಈ ಮೂರೂ ಯಾವಾಗ ಕೂಡಿದವು, ಯಾವಾಗ ಬೇರ್ಪಟ್ಟವು ಎಂಬುದೇ ಈ ತಪ್ಪಿನ ಚರಿತ್ರೆ.

ಚಿಹ್ನೆ ಬಂದ ದಾರಿ

ಭಾರತೀಯ ಬೀಜಗಣಿತದಲ್ಲಿ ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆಯುವ ರೂಢಿಯಿತ್ತು. ಕನ್ನಡದಲ್ಲೇ ಲೆಕ್ಕ ಕಲಿಸಿದ 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಲೆಕ್ಕದ ಕ್ರಮವನ್ನು ಮಾತಿನಲ್ಲೇ ವಿವರಿಸುತ್ತದೆ. ಎರಡು ಸಮಾನಾಂತರ ಗೆರೆಗಳ ಚಿಹ್ನೆಯನ್ನು 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಬಳಕೆಗೆ ತಂದ. ಅದು ಸ್ಥಿತಿಯನ್ನು ಹೇಳುವ ಚಿಹ್ನೆಯಾಗಿತ್ತು. ಕಾಲಕ್ರಮದಲ್ಲಿ ಬದಲಾಗುವ ಬೆಲೆಯನ್ನು ಸೂಚಿಸುವ ಅಗತ್ಯ ಅದಕ್ಕೆ ಬಂದಿರಲಿಲ್ಲ.

ಆ ಅಗತ್ಯ ಯಂತ್ರಗಣನೆಯೊಂದಿಗೆ ಹುಟ್ಟಿತು. ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ, ಜಕಾರ್ಡ್ ಪಟ್ಟಿಗಳಿಂದಲೇ ನಡೆಯಬೇಕಿದ್ದ ಯಂತ್ರದ ಬಗ್ಗೆ ಏಡಾ ಲವ್‌ಲೇಸ್ 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಒಂದೇ ಚರದ ಬೆಲೆ ಬದಲಾದಾಗಲೆಲ್ಲ ಅದರ ಎಡಮೇಲ್ತುದಿಯ ಅಂಕಿಯನ್ನು ಒಂದೊಂದಾಗಿ ಏರಿಸಿ, ಹಳೆಯ ಬೆಲೆಗೂ ಹೊಸ ಬೆಲೆಗೂ ಗುರುತಿನಲ್ಲೇ ವ್ಯತ್ಯಾಸ ತೋರಿಸಲಾಗಿದೆ. ಹೀಗೆ ಬರೆದಲ್ಲಿ ‘ಕ = ಕ + 1’ ಎಂಬ, ಗಣಿತದ ಕಣ್ಣಿಗೆ ಅಸಂಗತವಾದ ಸಾಲು ಹುಟ್ಟುವುದೇ ಇಲ್ಲ. 1940ರ ದಶಕದಲ್ಲಿ ಜರ್ಮನಿಯ ಕೊನ್ರಾಡ್ ಝೂಸೆ ತನ್ನ ‘ಪ್ಲಾನ್‌ಕಾಲ್ಕ್ಯೂಲ್’ ಭಾಷೆಯ ರಚನೆಯಲ್ಲಿ ಎಡದಿಂದ ಬಲಕ್ಕೆ ಸಾಗುವ ಬಾಣದಂಥ ಗುರುತನ್ನು ಆರಿಸಿಕೊಂಡನು. ಬೆಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ದಿಕ್ಕು ಅದರಲ್ಲಿ ಕಾಣುತ್ತಿತ್ತು.

ಫೋರ್ಟ್ರಾನ್‌ನಿಂದ ಸಿ ವರೆಗೆ

1957ರಲ್ಲಿ ಜಾನ್ ಬ್ಯಾಕಸ್‌ನ ತಂಡವು ಐಬಿಎಂ 704 ಯಂತ್ರಕ್ಕೆ ಸಿದ್ಧಪಡಿಸಿದ ಫೋರ್ಟ್ರಾನ್, ಸೂತ್ರಗಳನ್ನು ಸೂತ್ರದಂತೆಯೇ ಬರೆಯುವ ಅನುಕೂಲವನ್ನು ವಿಜ್ಞಾನಿಗಳಿಗೆ ಕೊಡಲು ಹೊರಟಿದ್ದರಿಂದ ಅಸೈನ್‌ಮೆಂಟಿಗೆ ಸಮಚಿಹ್ನೆಯನ್ನೇ ಇಟ್ಟುಕೊಂಡಿತು. ಅದರ ಮೊದಲ ರೂಪದಲ್ಲಿ ಹೋಲಿಕೆಯ ಚಿಹ್ನೆಯೇ ಇರಲಿಲ್ಲ. ಲೆಕ್ಕದ ಫಲ ಋಣವೋ, ಸೊನ್ನೆಯೋ, ಧನವೋ ಎಂದು ನೋಡಿ ಮೂರು ದಾರಿಗಳಲ್ಲೊಂದಕ್ಕೆ ತಿರುಗುವ ಏರ್ಪಾಡಿತ್ತು. ಮುಂದೆ ಫೋರ್ಟ್ರಾನ್ 4 ಎರಡು ಚುಕ್ಕೆಗಳ ನಡುವೆ ‘ಇಕ್ಯೂ’ ಎಂಬ ಅಕ್ಷರಗಳನ್ನಿಟ್ಟು ಹೋಲಿಕೆಯನ್ನು ಬರೆಯತೊಡಗಿದ್ದರಿಂದ ಎರಡರ ನಡುವೆ ಗೊಂದಲಕ್ಕೆ ಆಸ್ಪದವಿರಲಿಲ್ಲ. ಐಐಟಿ ಕಾನ್ಪುರದಲ್ಲೂ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಲಿಸಿದ ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳ ಮೂಲಕ ಭಾರತದ ಒಂದು ತಲೆಮಾರು ಕಲಿತದ್ದು ಈ ಫೋರ್ಟ್ರಾನನ್ನೇ.

ಯುರೋಪಿನಲ್ಲಿ ಬೇರೆ ದಾರಿ ತೆರೆಯಿತು. 1958ರಲ್ಲಿ ಜ್ಯೂರಿಕ್ ಸಭೆಯಲ್ಲಿ ರೂಪುಗೊಂಡ ಆಲ್ಗಾಲ್, ಅಸೈನ್‌ಮೆಂಟಿಗೆ ಕೋಲನ್ ಸೇರಿಸಿದ ಚಿಹ್ನೆಯನ್ನು (:=) ಗೊತ್ತುಮಾಡಿ, ಬರಿಯ ಸಮಚಿಹ್ನೆಯನ್ನು ಅದರ ಗಣಿತದ ಅರ್ಥಕ್ಕೇ ಬಿಟ್ಟುಕೊಟ್ಟಿತು; ನಿಕ್ಲಾಸ್ ವಿರ್ತ್‌ನ ಪ್ಯಾಸ್ಕಲ್ (1970) ಇದನ್ನೇ ಅನುಸರಿಸಿತು. 1964ರ ಬೇಸಿಕ್ ಎರಡಕ್ಕೂ ಒಂದೇ ಚಿಹ್ನೆ ಬಳಸಿದರೂ, ‘ಲೆಟ್’ ಪದದ ಬಳಿಕ ಬಂದರೆ ಆಜ್ಞೆ, ‘ಇಫ್’ ಪದದ ಬಳಿಕ ಬಂದರೆ ಪ್ರಶ್ನೆ ಎಂದು ಸ್ಥಾನದಿಂದಲೇ ಅರ್ಥವನ್ನು ನಿಗದಿಗೊಳಿಸಿತು. ಇಂದಿಗೂ ದತ್ತಸಂಚಯಗಳ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ‘ಸೆಟ್’ ಭಾಗದ ಸಮಚಿಹ್ನೆ ಬರೆಯುತ್ತದೆ, ‘ವೇರ್’ ಭಾಗದ್ದು ಹೋಲಿಸುತ್ತದೆ. ಚಿಹ್ನೆ ಒಂದೇ ಆಗಿದ್ದ ಮಾತ್ರಕ್ಕೆ ತಪ್ಪು ಹುಟ್ಟುವುದಿಲ್ಲವೆಂಬುದಕ್ಕೆ ಈ ಎರಡು ಭಾಷೆಗಳು ಸಾಕ್ಷಿ.

ಮೂರು ಅನುಮತಿಗಳೂ ಒಂದಾದದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಮಾರ್ಟಿನ್ ರಿಚರ್ಡ್ಸ್‌ನ ಬಿಸಿಪಿಎಲ್ (1967) ಆಲ್ಗಾಲ್ ಪದ್ಧತಿಯ ಚಿಹ್ನೆಗಳನ್ನೇ ಉಳಿಸಿಕೊಂಡಿತ್ತು; ಅದನ್ನು ಕಿರಿದುಗೊಳಿಸಿ ಕೆನ್ ಥಾಂಪ್ಸನ್ 1969ರ ಸುಮಾರಿಗೆ ರೂಪಿಸಿದ ‘ಬಿ’ ಭಾಷೆಯಲ್ಲಿ ಅಸೈನ್‌ಮೆಂಟಿಗೆ ಒಂದು ಸಮಚಿಹ್ನೆಯೂ ಹೋಲಿಕೆಗೆ ಎರಡೂ ನಿಗದಿಯಾದವು. ಪ್ರೋಗ್ರಾಮುಗಳಲ್ಲಿ ಅಸೈನ್‌ಮೆಂಟ್ ಹೋಲಿಕೆಯ ಎರಡರಷ್ಟು ಸಲ ಬರುವುದರಿಂದ ಅದರ ಚಿಹ್ನೆ ಅರ್ಧದಷ್ಟು ಚಿಕ್ಕದಾಗಿರಬೇಕು ಎಂಬುದು ಇದಕ್ಕೆ ಸಿಕ್ಕುವ ಸಮರ್ಥನೆ. ‘ಬಿ’ಯಿಂದ ಬೆಳೆದ ಡೆನಿಸ್ ರಿಚಿಯ ಸಿ (1972) ಈ ಆಯ್ಕೆಯನ್ನು ಜಗತ್ತಿಗೆಲ್ಲ ಹರಡಿತು. ಅಕ್ಷರವೊಂದನ್ನು ಓದಿ ಚರದಲ್ಲಿ ಇರಿಸುತ್ತಲೇ ಕಡತ ಮುಗಿಯಿತೇ ಎಂದು ನೋಡುವ ಸಿ ಭಾಷೆಯ ಬಿಗಿಯಾದ ಬರವಣಿಗೆಗೆ ಅಸೈನ್‌ಮೆಂಟಿಗೆ ಬೆಲೆ ಇರುವುದು ಅತ್ಯಗತ್ಯ. ಆದ್ದರಿಂದ ಆ ಸೌಲಭ್ಯವೂ ಈ ತಪ್ಪೂ ಒಂದೇ ನಿಯಮದ ಎರಡು ಫಲಗಳಾಗಿವೆ.

ಎಚ್ಚರಿಕೆಯ ಉಪಾಯಗಳು

ಭಾಷೆಯನ್ನು ಬದಲಿಸಲಾಗದಾಗ ಕಾವಲನ್ನು ಹೊರಗೆ ಇಡಲಾಯಿತು. ಬೆಲ್ ಪ್ರಯೋಗಾಲಯದಲ್ಲೇ ಸ್ಟೀಫನ್ ಜಾನ್ಸನ್ 1978ರ ಸುಮಾರಿಗೆ ರಚಿಸಿದ ‘ಲಿಂಟ್’, ಪ್ರೋಗ್ರಾಮನ್ನು ಓಡಿಸದೆ ಓದಿಯೇ ಅನುಮಾನಾಸ್ಪದ ಸಾಲುಗಳನ್ನು ತೋರಿಸುವ ಸಾಧನಗಳ ಪರಂಪರೆಗೆ ಮೊದಲಾಯಿತು. ಕರ್ನಾಟಕದ ಕಾಲೇಜು ಪ್ರಯೋಗಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಕೂಡ ಇಂಥ ಸಾಲಿಗೆ ‘ಪಾಸಿಬ್ಲಿ ಇನ್‌ಕರೆಕ್ಟ್ ಅಸೈನ್‌ಮೆಂಟ್’ ಎಂದು ಸೂಚಿಸುತ್ತಿತ್ತು. ಅದು ದೋಷವಾಗಿರದೆ ಬರಿಯ ಎಚ್ಚರಿಕೆಯಾಗಿದ್ದುದರಿಂದ ಪ್ರೋಗ್ರಾಮು ಓಡುತ್ತಿತ್ತು. ಓಡಿದ ಮೇಲೆ ಎಚ್ಚರಿಕೆಯನ್ನು ಓದುವವರು ಕಡಿಮೆ. ಸ್ಥಿರ ಸಂಖ್ಯೆಯನ್ನು ಎಡಕ್ಕಿಟ್ಟು ‘1 == ಗೈರು’ ಎಂದು ಬರೆಯುವ ರೂಢಿ ಇನ್ನೊಂದು ಉಪಾಯ; ಇಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ 1ಕ್ಕೆ ಬೆಲೆ ಕೊಡಲಾಗದೆ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ನಿಲ್ಲುತ್ತದೆ. ಎರಡೂ ಬದಿಯಲ್ಲಿ ಚರಗಳಿದ್ದರೆ ಈ ಉಪಾಯ ನಿರುಪಯುಕ್ತ.

ತಪ್ಪಿನ ಮರೆಯಲ್ಲಿ ಮೋಸವೂ ಅಡಗಬಲ್ಲದೆಂದು 2003ರ ನವೆಂಬರಿನಲ್ಲಿ ಬಯಲಾಯಿತು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಪ್ರತಿಯೊಂದರಲ್ಲಿ ಯಾರೋ ಎರಡು ಸಾಲು ಸೇರಿಸಿದ್ದರು. ಬಳಕೆದಾರರ ಗುರುತಿನ ಸಂಖ್ಯೆ ಸೊನ್ನೆಯೇ ಎಂದು ಕೇಳುವಂತೆ ಕಾಣುತ್ತಿದ್ದ ಆ ಭಾಗ, ವಾಸ್ತವದಲ್ಲಿ ಸೊನ್ನೆಯನ್ನು ಅಲ್ಲಿ ಇರಿಸಿ ಆ ಬಳಕೆದಾರರಿಗೆ ಸರ್ವಾಧಿಕಾರ ಕೊಡುತ್ತಿತ್ತು. ಸೊನ್ನೆ ‘ಸುಳ್ಳು’ ಎಂದು ಎಣಿಕೆಯಾಗುವುದರಿಂದ ಮುಂದಿನ ಆಜ್ಞೆ ನಡೆಯದೆ, ಹೊರಗೆ ಯಾವ ಸುಳಿವೂ ಕಾಣುತ್ತಿರಲಿಲ್ಲ. ಮೂಲದೊಂದಿಗೆ ಪ್ರತಿಯನ್ನು ತಾಳೆ ನೋಡುವ ವ್ಯವಸ್ಥೆಯಿದ್ದುದರಿಂದ ಅದು ಮುಖ್ಯ ಕರ್ನೆಲ್ ಸೇರುವ ಮುನ್ನವೇ ಪತ್ತೆಯಾಯಿತು.

ಅನುಮತಿ ಹಿಂಪಡೆದ ಭಾಷೆಗಳು

ಮುಂದಿನ ತಲೆಮಾರಿನ ಭಾಷೆಗಳು ಮೂರರಲ್ಲಿ ಒಂದೊಂದನ್ನು ಕಿತ್ತುಹಾಕಿದವು. ಜಾವಾ (1995) ಮೂರನೆಯದನ್ನು ತೆಗೆದು, ಷರತ್ತಿನ ಜಾಗದಲ್ಲಿ ನಿಜ-ಸುಳ್ಳುಗಳ ಬೂಲಿಯನ್ ಬೆಲೆಯೇ ಬೇಕೆಂದಿತು. ಹೀಗಾಗಿ ಸಂಖ್ಯೆಗಳ ನಡುವಿನ ತಪ್ಪು ಸಿಕ್ಕಿಬೀಳುತ್ತದೆ, ಬೂಲಿಯನ್ ಚರಗಳ ನಡುವಿನದು ಮಾತ್ರ ನುಸುಳುತ್ತದೆ. ಪೈಥಾನ್ (1991) ಎರಡನೆಯದನ್ನು ತೆಗೆದು ಅಸೈನ್‌ಮೆಂಟನ್ನು ಬಿಡಿ ವಾಕ್ಯವಾಗಿಸಿತು. ಬೆಲೆಯುಳ್ಳ ಅಸೈನ್‌ಮೆಂಟಿನ ಬೇಡಿಕೆ ಮುಂದುವರಿದಾಗ 2019ರ 3.8 ಆವೃತ್ತಿಯಲ್ಲಿ ಅದಕ್ಕೆಂದೇ ಕೋಲನ್ ಕೂಡಿದ ಬೇರೆ ಚಿಹ್ನೆ (:=) ಬಂತು; ಈ ಸೇರ್ಪಡೆಯ ವಾಗ್ವಾದದ ಬೆನ್ನಿಗೇ, 2018ರಲ್ಲಿ, ಗೀಡೊ ವಾನ್ ರಾಸಮ್ ಭಾಷೆಯ ಅಂತಿಮ ನಿರ್ಣಾಯಕನ ಸ್ಥಾನದಿಂದ ಹಿಂದೆ ಸರಿದನು. ಸ್ವಿಫ್ಟ್ ಮತ್ತು ರಸ್ಟ್ ಎರಡನೆಯದನ್ನೂ ಮೂರನೆಯದನ್ನೂ ನಿರಾಕರಿಸಿದವು. ಜಾವಾಸ್ಕ್ರಿಪ್ಟ್ ಮಾತ್ರ ಮೂರನ್ನೂ ಉಳಿಸಿಕೊಂಡು, ಹೋಲಿಕೆಗೆ ಮೂರು ಸಮಚಿಹ್ನೆಗಳ ಮತ್ತೊಂದು ರೂಪವನ್ನೂ ಸೇರಿಸಿತು.

ಕಂಪೈಲರ್‌ಗಳ ಒಳಗೂ ಬದಲಾವಣೆಯಾಯಿತು. 1980ರ ದಶಕದ ಕೊನೆಯಲ್ಲಿ ಐಬಿಎಂ ಸಂಶೋಧಕರು ರೂಪಿಸಿದ ಎಸ್‌ಎಸ್‌ಎ ಪದ್ಧತಿಯಲ್ಲಿ, ಚರಕ್ಕೆ ಹೊಸ ಬೆಲೆ ಬಂದಾಗಲೆಲ್ಲ ಕಂಪೈಲರ್ ಅದಕ್ಕೆ ಹೊಸ ಕ್ರಮಾಂಕ ಕೊಡುತ್ತದೆ. ಲವ್‌ಲೇಸ್‌ಳ ಅಂಕಿಗಳು ಮಾಡಿದ್ದೂ ಇದನ್ನೇ.

ಕಲಿಕೆ ಮತ್ತು ತಾಲ್ಲೂಕಿನ ತರಗತಿಗಳು

ಕಲಿಯುವವರ ಕುರಿತ ಅಧ್ಯಯನಗಳು ಭಾಷೆಗಳ ಈ ಬದಲಾವಣೆಗಳಿಗೆ ಸಮಾನಾಂತರವಾಗಿ ಬೆಳೆದವು. 1983ರಲ್ಲಿ ಬೇಮನ್ ಮತ್ತು ಮೇಯರ್, ಬೇಸಿಕ್ ಕಲಿಯುವವರು ‘ಲೆಟ್’ ಆಜ್ಞೆಯನ್ನು ಸಮೀಕರಣವೆಂದೇ ಓದುವುದನ್ನು ಗುರುತಿಸಿದರು. ಆಲ್ಟದ್ಮ್ರಿ ಮತ್ತು ಬ್ರೌನ್ 2015ರಲ್ಲಿ ಜಾವಾ ಕಲಿಯುವ 2,50,000ಕ್ಕೂ ಹೆಚ್ಚು ವಿದ್ಯಾರ್ಥಿಗಳ 3.7 ಕೋಟಿ ಕಂಪೈಲ್ ದಾಖಲೆಗಳಲ್ಲಿ 18 ಬಗೆಯ ತಪ್ಪುಗಳನ್ನು ಹುಡುಕಿದಾಗ, ಅವುಗಳಲ್ಲಿ ಈ ಗೊಂದಲವೂ ಒಂದಾಗಿತ್ತು. ಯಾವ ತಪ್ಪು ಹೆಚ್ಚು ಎಂಬ ಅಧ್ಯಾಪಕರ ಊಹೆಗಳಿಗೂ ದಾಖಲೆಗಳಿಗೂ ಹೊಂದಿಕೆ ಕಡಿಮೆಯೆಂದು ಅವರ ಹಿಂದಿನ ವರ್ಷದ ಅಧ್ಯಯನ ತೋರಿಸಿತ್ತು.

ಜಮಖಂಡಿ ಭಾಗದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ, ಇತ್ತೀಚೆಗೆ ಜಮಖಂಡಿಯಲ್ಲೇ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೂ ವರ್ಗವಾದ ಅವಧಿಯಲ್ಲೇ ಪಠ್ಯದ ಭಾಷೆಗಳೂ ಬದಲಾಗಿವೆ. ಪದವಿಪೂರ್ವ ತರಗತಿಯಲ್ಲಿ ಹಲವು ವರ್ಷ ಸಿ++ ಇತ್ತು, ಬಿಸಿಎಯಲ್ಲಿ ಸಿ, ಜಾವಾ, ಪೈಥಾನ್‌ಗಳು ಬರುತ್ತವೆ. ಒಂದೇ ತಪ್ಪು ಸಿಯಲ್ಲಿ ಮೌನವಾಗಿ ಸಾಗುತ್ತದೆ, ಜಾವಾದಲ್ಲಿ ಬಹುಮಟ್ಟಿಗೆ ತಡೆಗೊಳ್ಳುತ್ತದೆ, ಪೈಥಾನ್‌ನಲ್ಲಿ ವ್ಯಾಕರಣದೋಷವಾಗುತ್ತದೆ. ಆದ್ದರಿಂದ ‘ಎರಡು ಸಲ ಹಾಕಿ’ ಎಂಬ ಒಂದು ಮಾತಿನಿಂದ ಪಾಠ ಮುಗಿಯುವುದಿಲ್ಲ. ಪ್ರತಿ ಭಾಷೆಯನ್ನು ಪರಿಚಯಿಸುವಾಗಲೂ ಮೂರು ಅನುಮತಿಗಳಲ್ಲಿ ಯಾವುವು ಇಲ್ಲಿವೆ ಎಂಬುದನ್ನು ವಿವರಿಸುವುದು ಮತ್ತು ಸಿ ಪ್ರಯೋಗಾಲಯದಲ್ಲಿ ಎಲ್ಲ ಎಚ್ಚರಿಕೆಗಳನ್ನೂ ದೋಷಗಳೆಂದೇ ಪರಿಗಣಿಸುವ ಕಂಪೈಲರ್ ಆಯ್ಕೆಯನ್ನು ಕಡ್ಡಾಯಗೊಳಿಸುವುದು ಹೆಚ್ಚಿನ ವೆಚ್ಚವಿಲ್ಲದ ಕ್ರಮಗಳು. ಅಪಾರವಾದ ಹಳೆಯ ಪ್ರೋಗ್ರಾಮುಗಳು ಅದರ ನಿಯಮಗಳನ್ನೇ ನೆಚ್ಚಿಕೊಂಡಿರುವುದರಿಂದ ಸಿ ತನ್ನ ಅನುಮತಿಗಳನ್ನು ಹಿಂಪಡೆಯುವ ಸಂಭವ ಕಡಿಮೆ. ಅದನ್ನು ಮೊದಲ ಭಾಷೆಯಾಗಿ ಕಲಿಸುವವರೆಗೂ ಆ ಕಾವಲಿನ ಹೊಣೆ ಪಠ್ಯಕ್ರಮಕ್ಕೂ ಪ್ರಯೋಗಾಲಯಕ್ಕೂ ಸೇರಿದ್ದು.