ಕೂದಲೆಳೆಯ ಲೆಕ್ಕ

ನೆರೆಯ ರಾಚೆಸ್ಟರ್ ಊರಿನಲ್ಲಿ 1896ರಲ್ಲಿ ಕಟ್ಟಿದ ಹೆಣಿಗೆ ಗಿರಣಿಯ ಕಟ್ಟಡ ಕಂಡಾಗಲೆಲ್ಲ ರಾಚೆಸ್ಟರ್ ಹಿಲ್ಸಿನ ನಮಗೆ 1880ರ ದಶಕದ ಗೋಕಾಕ ಫಾಲ್ಸ್ ನೂಲಿನ ಗಿರಣಿ ನೆನಪಾಗುತ್ತದೆ.

ನಮ್ಮ ಪಿಂಜಾರರು ಬಿಲ್ಲು ಮಿಡಿದು ಅರಳೆ ಹಿಂಜುತ್ತಿದ್ದರು. ಹದ ಕೈಗೇ ಗೊತ್ತಿತ್ತು. ಗಿರಣಿ ಬಂದ ಮೇಲೆ ಆ ಹದ ಮೇಸ್ತ್ರಿಯ ಬೆರಳಿಗೆ ಇಳಿಯಿತು. ಕಾರ್ಡಿಂಗ್ ಯಂತ್ರದ ಸಿಲಿಂಡರಿಗೂ ಅದರ ಮೇಲಿನ ಫ್ಲ್ಯಾಟ್ ಪಟ್ಟಿಗಳಿಗೂ ನಡುವೆ ಇರಬೇಕಾದ ಅಂತರ, ಅಂಗುಲದ ಸಾವಿರ ಪಾಲಿನಲ್ಲಿ ಸುಮಾರು 10. ಹೆಚ್ಚಾದರೆ ಅರಳೆಯಲ್ಲಿ ಗಂಟು ಉಳಿಯುತ್ತದೆ. ತೀರಾ ಕಡಿಮೆಯಾದರೆ ತಂತಿಹಲ್ಲುಗಳು ಉಜ್ಜಿ ಹಾಳಾಗುತ್ತವೆ. ತೆಳು ಉಕ್ಕಿನ ಗೇಜು ತೂರಿಸಿ, ಅದು ಸಡಿಲವಾಗದೆ, ಬಿಗಿಯೂ ಆಗದೆ ಜಾರುವವರೆಗೆ ತಿರುಪು ಹೊಂದಿಸಬೇಕು.

ಅಂಥದೇ ಗೇಜಿನಿಂದ ಡೆಟ್ರಾಯಿಟ್‌ನಲ್ಲಿ ಎಂಜಿನ್ನಿನ ಅಂತರ ಅಳೆದವರು ನಮ್ಮಲ್ಲಿದ್ದೇವೆ. ಈ ಸೂಕ್ಷ್ಮ ವಿದ್ಯೆಯನ್ನು ನಾವು ಇಲ್ಲಿಗೆ ಬಂದ ಮೇಲೆಯೇ ಕಲಿತೆವೆಂದು ನಮ್ಮ ಮಕ್ಕಳು ತಿಳಿಯದಿರಲಿ. ಹೆಸರು ಉಳಿಯದ ಆ ಮೇಸ್ತ್ರಿಗಳ ಋಣ ನಮ್ಮೆಲ್ಲರ ಮೇಲಿದೆ.